ಸುಂಕದವನು ಹೆಸರು ಕೇಳುವುದಿಲ್ಲ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಸುಂಕದವನಲ್ಲಿ ಒಂದು ಗುಣವೂ ಉಂಟು. ನಿನ್ನ ಊರು ಯಾವುದು, ಕಾಗದಪತ್ರ ಎಲ್ಲಿ ಎಂದು ಅವನು ಕೇಳುವುದಿಲ್ಲ. ಹಣ ಎಣಿಸಿಕೊಂಡು ದಾರಿ ಬಿಡುತ್ತಾನೆ. ಈ ಮಾತು ನನಗೆ ಹೊಳೆದದ್ದು ಚೆಂಬೂರಿನ ನಮ್ಮ ಮನೆಯಲ್ಲಿಯೇ, ಒಂದು ಭಾನುವಾರ ಸಂಜೆ.

ಅಮೆರಿಕದಿಂದ ರಜೆಗೆ ಬಂದಿದ್ದ ನನ್ನ ತಂಗಿಯ ಮಗ ಕಾಫಿ ಕುಡಿಯುತ್ತ ಅಲ್ಲಿಯ ಸುದ್ದಿ ಹೇಳುತ್ತಿದ್ದ. ಆದಾಯ ತೆರಿಗೆಯನ್ನೇ ತೆಗೆದುಹಾಕಿ ಇಡೀ ದೇಶಕ್ಕೆ ಒಂದೇ ಮಾರಾಟ ತೆರಿಗೆ ಹಾಕಬೇಕೆಂಬ ವಾದ ಅಲ್ಲಿ ಬಹಳ ಕಾಲದಿಂದ ಇದೆಯಂತೆ. 'ಫೇರ್‌ಟ್ಯಾಕ್ಸ್' ಎಂದು ಅದರ ಹೆಸರು. ಜಾರ್ಜಿಯಾದ ಜಾನ್ ಲಿಂಡರ್ ಎಂಬವರು 1999ರಲ್ಲಿ ಆ ಮಸೂದೆಯನ್ನು ತಂದರು. ಆಮೇಲೆ ಎಷ್ಟೋ ಸಲ ಬಂದರೂ ಅದು ಕಾಯಿದೆಯಾಗಲಿಲ್ಲ.

"ಅದು ಬಂದರೆ ಕಾಗದವಿಲ್ಲದೆ ನುಸುಳಿ ಬಂದವರೂ ಅಂಗಡಿಯಲ್ಲಿ ತೆರಿಗೆ ಕೊಡಲೇಬೇಕು, ದೊಡ್ಡಮ್ಮ. ತಪ್ಪಿಸಿಕೊಳ್ಳುವ ಹಾಗಿಲ್ಲ" ಎಂದ.

ನಮ್ಮ ಯಜಮಾನರು ಪತ್ರಿಕೆಯಿಂದ ತಲೆಯೆತ್ತಿ, "ಇಲ್ಲಿ ಮಾತ್ರ ಏನು? ಕಟ್ಟಡದ ಕೆಲಸಕ್ಕೆಂದು ಬಂದು ತುಂಬುವವರೆಲ್ಲ ಒಂದು ಕಾಸು ತೆರಿಗೆ ಕೊಡುತ್ತಾರೆಯೆ? ಹೊರೆಯೆಲ್ಲ ನಮ್ಮ ತಲೆಗೆ" ಎಂದುಬಿಟ್ಟರು. ಒಳಗೆ ಪಾತ್ರೆ ತೊಳೆಯುವ ಸದ್ದು ಒಮ್ಮೆ ನಿಂತು ಮತ್ತೆ ಮೊದಲಾಯಿತು. ಪಾತ್ರೆ ತೊಳೆಯುತ್ತಿದ್ದವಳು ಕಲಬುರಗಿ ಕಡೆಯವಳು. ಗಂಡ ಗಾರೆ ಕೆಲಸದವನು. ನನಗೆ ಬಹಳ ಕೆಡುಕೆನಿಸಿತು.

ಗಡಿ ದಾಟಿ ಅಪ್ಪಣೆಯಿಲ್ಲದೆ ಬಂದವರ ವಿಷಯ ಬೇರೆ, ಇವರ ವಿಷಯ ಬೇರೆ. ಇವರು ಈ ದೇಶದವರೇ. ಎಲ್ಲಿಯಾದರೂ ಹೋಗಿ ನೆಲಸುವ ಹಕ್ಕು ಸಂವಿಧಾನ ಕೊಟ್ಟದ್ದು. ಆದರೂ ಊರಿನ ಕಾಗದ ಇಲ್ಲಿ ನಡೆಯದೆ, ಇಲ್ಲಿಯ ಕಾಗದ ಹುಟ್ಟದೆ, ಇವರೂ ಕಾಗದವಿಲ್ಲದವರೇ ಆಗುತ್ತಾರೆ. ತೆರಿಗೆಯ ಮಟ್ಟಿಗೆ ಇಬ್ಬರ ಕಥೆಯೂ ಒಂದೇ.

ನಮ್ಮ ತಂದೆಯವರಾದರೂ ಯಾವ ಕಾಗದ ತಂದಿದ್ದರು? ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಹೋಟೆಲಿನ ಕೆಲಸಕ್ಕೆ ಬಂದ ಹುಡುಗ. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ರಾಜಾಜಿಯವರ ಸರಕಾರ ಅಲ್ಲಿ 1939ರಲ್ಲಿಯೇ ಮಾರಾಟ ತೆರಿಗೆ ತಂದಿತ್ತು. ಮುಂಬಯಿ ಪ್ರಾಂತದಲ್ಲಿ ಅದು 1946ರಲ್ಲಿ ಬಂತು. ಎರಡೂ ಕಡೆ ಸೋಪಿಗೂ ಸೀಮೆಎಣ್ಣೆಗೂ ಹಣ ಕೊಟ್ಟ ಆ ಹುಡುಗನನ್ನು ತೆರಿಗೆದಾರನೆಂದು ಯಾರೂ ಕರೆಯಲಿಲ್ಲ. ದೇಶ ವಿಭಜನೆಯಾದ ಮೇಲೆ ಇದೇ ಚೆಂಬೂರಿನ ಶಿಬಿರಕ್ಕೆ ಬಂದ ಸಿಂಧಿ ನಿರಾಶ್ರಿತರೂ ಮೊದಲ ದಿನದಿಂದಲೇ ಅಂಗಡಿಯಲ್ಲಿ ಕೊಂಡು ತಿಂದವರೇ.

ಮುಂಬಯಿಗಂತೂ ಇನ್ನೊಂದು ಸುಂಕವಿತ್ತು: ಆಕ್ಟ್ರಾಯ್, ಮರಾಠಿಯವರ ಬಾಯಲ್ಲಿ ಜಕಾತ್. ಮುಲುಂದ, ದಹಿಸರ್, ನಮ್ಮ ಮಗ್ಗುಲಿನ ಮಾನ್‌ಖುರ್ದದ ನಾಕಾಗಳಲ್ಲಿ ಲಾರಿಗಳ ಸಾಲು ನಿಂತಿರುತ್ತಿದ್ದುದು ಎಲ್ಲರಿಗೂ ನೆನಪಿರಬಹುದು. ಲಾರಿಯವನು ಕಟ್ಟಿದ ಸುಂಕ ಕೊನೆಗೆ ಗುಡಿಸಲಿನವಳ ಬೇಳೆಯ ಬೆಲೆಯೊಳಗೆ ಸೇರುತ್ತಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಆ ನಾಕಾಗಳು ಮುಚ್ಚಿದವು. ಅಂದಮೇಲೆ ಅಮೆರಿಕದವರು ಇನ್ನೂ ವಾದಿಸುತ್ತಿರುವ ರಾಷ್ಟ್ರೀಯ ಮಾರಾಟ ತೆರಿಗೆ ನಮ್ಮಲ್ಲಿ ಆಗಲೇ ಬಂದಿದೆ. ಆದಾಯ ತೆರಿಗೆ ಹೋಗಿಲ್ಲ, ಅಷ್ಟೆ.

ನಾನು ಎದ್ದು ಹೋಗಿ ಡ್ರಾಯರಿನಿಂದ ಒಂದು ಬಿಲ್ಲು ತಂದೆ. ಆ ಹೆಂಗಸು ಬೇಸಗೆಯಲ್ಲಿ ಕೊಂಡ ಫ್ಯಾನಿನದು. ಗ್ಯಾರಂಟಿಗೆ ಬೇಕಾಗುತ್ತದೆಂದು ನನ್ನ ಹತ್ತಿರ ಇಡಲು ಕೊಟ್ಟಿದ್ದಳು. ಒಟ್ಟು 1,180 ರೂಪಾಯಿ. ಫ್ಯಾನಿಗೆ 1,000, ತೆರಿಗೆ ನೂರಕ್ಕೆ 18ರಂತೆ 180. ಅದರಲ್ಲಿ 90 ದಿಲ್ಲಿಗೆ, 90 ಮಹಾರಾಷ್ಟ್ರಕ್ಕೆ. ಸರಕು ಬಳಕೆಯಾಗುವ ರಾಜ್ಯಕ್ಕೇ ಪಾಲು ಹೋಗಬೇಕೆಂಬುದು ಈ ತೆರಿಗೆಯ ನಿಯಮ. ಅವಳು ಇಲ್ಲಿ ಕೊಂಡರೆ ಕರ್ನಾಟಕಕ್ಕೆ ಚಿಕ್ಕಾಸೂ ಇಲ್ಲ. ಯಾರನ್ನು ಹೊರಗಿನವಳೆನ್ನುತ್ತೇವೋ ಅವಳು ತುಂಬಿಸುವುದು ಇಲ್ಲಿಯ ಬೊಕ್ಕಸವನ್ನು! ಸೋಪು, ಹಲ್ಲಿನ ಪೇಸ್ಟುಗಳ ಮೇಲೆ ನೂರಕ್ಕೆ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು, ಪುಣ್ಯ. ಆದರೂ ನಮ್ಮ ಮನೆಗೂ ಅವಳ ಗುಡಿಸಲಿಗೂ ಸೋಪಿನ ತೆರಿಗೆ ಒಂದೇ. ಸಂಪಾದನೆ ಒಂದೇ ಅಲ್ಲ.

ಹುಡುಗ ಬಿಲ್ಲನ್ನು ತಿರುಗಿಸಿ ನೋಡಿದ. ಫೇರ್‌ಟ್ಯಾಕ್ಸಿನಲ್ಲಿ ಬಡವರಿಗೆ ಪೆಟ್ಟು ಬೀಳದಂತೆ ತಿಂಗಳು ತಿಂಗಳು ಮುಂಗಡವಾಗಿ ಹಣ ಕೊಡುವ ಏರ್ಪಾಡಿದೆ, ಆದರೆ ಅದಕ್ಕೆ ಸೋಷಿಯಲ್ ಸೆಕ್ಯುರಿಟಿ ನಂಬರು ಬೇಕು ಎಂದು ಅವನೇ ಒಪ್ಪಿಕೊಂಡ. ಕಾಗದವಿಲ್ಲದವರು ಕೊಡುವವರ ಸಾಲಿನಲ್ಲಿ ಮಾತ್ರ. ಈಗಲೂ ಅವರು ಕೊಡದೆ ಇಲ್ಲ. 2022ರಲ್ಲಿ ಅಂಥವರು ಕಟ್ಟಿದ ತೆರಿಗೆ 9,670 ಕೋಟಿ ಡಾಲರೆಂದು ಅಲ್ಲಿಯ ತೆರಿಗೆ ಮತ್ತು ಆರ್ಥಿಕ ನೀತಿ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚು ಹೋಗುವುದು ಅವರಿಗೆ ದೊರೆಯದ ಪಿಂಚಣಿ ಮುಂತಾದವುಗಳ ನಿಧಿಗೆ.

ಇಲ್ಲಿಯೂ ಸಾಲು ಎರಡು. 2000ದ ಜನವರಿ 1ಕ್ಕೆ ಮೊದಲೇ ಇದ್ದೆನೆಂದು ಕಾಗದ ತೋರಿಸಿದ ಗುಡಿಸಲಿನವನಿಗೆ ಪುಕ್ಕಟೆ ಪುನರ್ವಸತಿ. 2011ರ ಜನವರಿ 1ರ ತನಕದವನಿಗೆ ಹಣ ಕೊಟ್ಟರೆ. ಅನಂತರ ಬಂದವನಿಗೆ ಅದೂ ಇಲ್ಲ. ಊರಿನ ರೇಷನ್ ಕಾರ್ಡಿಗೆ ಇಲ್ಲಿ ಧಾನ್ಯ ಸಿಗುವ ಏರ್ಪಾಡು 2020ರಿಂದ ಬಂದದ್ದು ಒಳ್ಳೆಯದೇ. ಅಂಗಡಿಯ ತೆರಿಗೆಗೆ ಮಾತ್ರ ಇಂಥ ತಾರೀಖು ಯಾವುದೂ ಇಲ್ಲ. ರೈಲಿಳಿದು ಮೊದಲ ಬಿಸ್ಕತ್ತು ಪೊಟ್ಟಣ ಕೊಂಡ ಗಳಿಗೆಯಿಂದಲೇ ಶುರು.

ಯಜಮಾನರು ಬಿಲ್ಲನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು ಸುಮ್ಮನಾದರು. ಅಷ್ಟರಲ್ಲಿ ಅವಳು ಸೆರಗಿಗೆ ಕೈಯೊರಸುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳಿಗೂ ಲೆಕ್ಕ ಬಿಡಿಸಿ ಹೇಳಿದೆ.

"ಹೌದೇನ್ರಿ ಅಕ್ಕಾರ? ತೊಂಬತ್ತು ರೂಪಾಯಿ ಕೊಟ್ಟೀವೇನು?" ಎಂದವಳು ಸ್ವಲ್ಪ ತಡೆದು ಕೇಳಿದಳು: "ಹಂಗಾದ್ರ ಈ ಚೀಟಿ ತೋರ್ಸಿದ್ರ ಮನಿ ಕಾಗದಕ್ಕ ನಡೀತದೇನ್ರಿ?"

ನಡೆಯುವುದಿಲ್ಲವೆಂದೆ. ಅವಳು ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ, ಈ ಸಲ ನನ್ನ ಹತ್ತಿರ ಬಿಡದೆ, ತನ್ನ ಎಲೆ‌ಅಡಿಕೆಯ ಚೀಲದಲ್ಲಿಟ್ಟುಕೊಂಡು ಹೋದಳು.