ಅಕ್ಕಡಿ ಸಾಲು ತಟ್ಟೆಯಲ್ಲಿಯೂ ಇರಲಿ



ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗಿಡಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಈ ಸಾರಜನಕವು ನಮ್ಮ ಶರೀರಕ್ಕೂ ಬೇಕು. ಆದರೆ ಉಸಿರಾಡಿದ ಮಾತ್ರಕ್ಕೆ ಅದು ನಮಗೆ ದಕ್ಕದು, ಯೂರಿಯಾ ತಿನ್ನುವಂತೆಯೂ ಇಲ್ಲ. ಆಹಾರದಲ್ಲಿರುವ ಸಸಾರಜನಕವೆಂಬ ವಸ್ತುವಿನಿಂದಲೇ ಅದು ದೊರೆಯತಕ್ಕದ್ದು. ಪೇಟೆಯಲ್ಲಿ ಇದನ್ನೇ ಪ್ರೋಟೀನ್ ಎನ್ನುತ್ತಾರೆ.

ನೀರು, ಖನಿಜಗಳನ್ನು ಬಿಟ್ಟರೆ ನಮ್ಮ ಮೈ ಬಹುಮಟ್ಟಿಗೆ ನಾಲ್ಕು ಬಗೆಯ ಅಣುಗಳಿಂದ ಆಗಿದೆ. ಒಂದು ಪಿಷ್ಟ, ಸಕ್ಕರೆಗಳ ಬಗೆ. ಮುದ್ದೆಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಸಕ್ಕರೆಯಾಗಿ ರಕ್ತಕ್ಕೆ ಸೇರಿ, ದುಡಿಯುವ ಕೈಗೆ ಶಕ್ತಿ ಕೊಡುತ್ತದೆ. ಇನ್ನೊಂದು ಕೊಬ್ಬು. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ಬಂದರೆ ಒಂದು ಗ್ರಾಂ ಕೊಬ್ಬಿನಿಂದ 9 ಬರುತ್ತದೆ. ಮೂರನೆಯದು ಡಿ.ಎನ್.ಎ. ಮೊದಲಾದ ನ್ಯೂಕ್ಲಿಯಿಕ್ ಆಮ್ಲಗಳು. ಬಿತ್ತನೆ ಬೀಜದಲ್ಲಿ ತಳಿಗುಣ ಅಡಗಿರುವಂತೆ, ತಂದೆ ತಾಯಿಯ ಗುಣ ಮಗುವಿಗೆ ಇಳಿಯುವುದು ಡಿ.ಎನ್.ಎ.ಯ ಮೂಲಕ. ಯಾವ ಸಸಾರಜನಕವನ್ನು ಹೇಗೆ ಕಟ್ಟಬೇಕೆಂಬ ಅಪ್ಪಣೆಯೂ ಅದರಲ್ಲಿಯೇ ಇದೆ.

ನಾಲ್ಕನೆಯದೇ ಆ ಸಸಾರಜನಕ. ಇದು ಮಣಿಸರವಿದ್ದಂತೆ. ಅಮೈನೊ ಆಮ್ಲಗಳೆಂಬ ಮಣಿಗಳು 20 ಬಗೆ. ಅವುಗಳಲ್ಲಿ 9 ಬಗೆಯನ್ನು ನಮ್ಮ ಮೈ ತಾನಾಗಿ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಮಾಂಸಖಂಡವು ಇಂಥ ಸರಗಳಿಂದಾದದ್ದು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೊಗ್ಲೋಬಿನ್ ಸಹ ಸಸಾರಜನಕವೇ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದನ್ನು ನೋಡಿದ್ದೀರಷ್ಟೆ? ಜೊಲ್ಲಿನಲ್ಲಿರುವ ಒಂದು ಸಸಾರಜನಕವು ಪಿಷ್ಟವನ್ನು ಒಡೆಯುವುದೇ ಅದಕ್ಕೆ ಕಾರಣ.

ರಾಗಿಯಲ್ಲಿ ನೂರಕ್ಕೆ ಸುಮಾರು 7 ಭಾಗ ಸಸಾರಜನಕವಿದ್ದರೆ, ಒಣ ಅವರೆ, ತೊಗರಿಗಳಲ್ಲಿ 20ಕ್ಕೂ ಮಿಕ್ಕಿ ಇದೆ. ರಾಗಿಯಲ್ಲಿ ಲೈಸಿನ್ ಎಂಬ ಮಣಿ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ಎರಡೂ ಕೂಡಿದರೆ ಸರ ಪೂರ್ತಿಯಾಗುತ್ತದೆ. ಕೊಬ್ಬಿಗೆ ಮೈಯಲ್ಲಿ ಕಣಜವಿದೆ, ಸಸಾರಜನಕಕ್ಕೆ ಅಂಥ ಕಣಜವಿಲ್ಲ. ಊಟದಲ್ಲಿ ಬಾರದಿದ್ದರೆ ಮೈಯು ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಕಾಳನ್ನೆಲ್ಲ ಸಂತೆಗೆ ಹೊತ್ತು, ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣ ತರುವ ವ್ಯಾಪಾರ ನನಗಂತೂ ಲಾಭದ್ದೆಂದು ತೋರದು.

ಆರು ತಿಂಗಳು ತುಂಬಿದ ಕೂಸಿಗೆ ತಾಯಿಹಾಲಿನೊಡನೆ ಕೊಡುವ ರಾಗಿ ಸರಿಗೂ ಇದೇ ಲೆಕ್ಕ. ಮೂರು ಪಾವು ರಾಗಿಗೆ ಒಂದು ಪಾವು ಹೆಸರುಕಾಳು. ಬೇರೆ ಬೇರೆಯಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ ಜರಡಿ ಹಿಡಿಯಿರಿ. ಮೊಳಕೆಯಲ್ಲಿ ಪಿಷ್ಟ ಸ್ವಲ್ಪ ಒಡೆದಿರುವುದರಿಂದ ಸರಿ ಬೇಗ ಗಟ್ಟಿಯಾಗದು. ಹೆಚ್ಚು ನೀರು ಬೆರೆಸದೆ ಚೆನ್ನಾಗಿ ಬೇಯಿಸಿದರೆ, ಕೂಸಿನ ಪುಟ್ಟ ಹೊಟ್ಟೆಗೆ ನೀರಿಗಿಂತ ಹಿಟ್ಟೇ ಹೆಚ್ಚು ಸೇರುತ್ತದೆ.