20 ಹಲ್ಲಿನ ಗೇರು, 8ನೇ ತರಗತಿಯ ಲೆಕ್ಕ

ಬೇಸಿಗೆ ರಜೆಯ ಕೊನೆಯ ವಾರ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ತಂದೆಯೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗ ಕನ್ನಡ ಮಾಧ್ಯಮದಲ್ಲಿ 7 ಮುಗಿಸಿ 8ಕ್ಕೆ ಹೋಗುವವನು. “ಸಾರ್, ಇವನಿಗೆ ಮಿಷಿನ್ ಅಂದ್ರೆ ಪ್ರಾಣ. ಮಿಷಿನ್ ವಿಷಯ ಎಲ್ಲ ಇಂಗ್ಲೀಷಲ್ಲೇ ಇರೋದು. ಕನ್ನಡ ಮೀಡಿಯಂ ಬಿಡಿಸಿಬಿಡ್ಲಾ?” ಎಂದು ಕೇಳಿದರು. ಹುಡುಗನ ಕೈಯಲ್ಲಿ ಒಂದು ರಿಮೋಟ್ ಕಾರಿತ್ತು. ಮೊದಲು ಆ ಕಾರನ್ನು ನೋಡೋಣ, ಆಮೇಲೆ ಉತ್ತರ ಹೇಳುತ್ತೇನೆ ಎಂದೆ.

ಅದು ಜಾತ್ರೆಯ ಆಟಿಕೆಯಲ್ಲ. ಜಪಾನಿನ ತಮಿಯಾ ಕಂಪನಿಯ ಟಿಟಿ-02, ನಿಜವಾದ ಕಾರಿನ ಹತ್ತನೇ ಒಂದು ಅಳತೆಯದು. ಬಿಡಿಭಾಗಗಳನ್ನು ತಂದು ನಾವೇ ಜೋಡಿಸಬೇಕು. ಒಂದೇ ಮೋಟಾರು ನಾಲ್ಕೂ ಚಕ್ರಗಳನ್ನು ತಿರುಗಿಸುತ್ತದೆ. ಬೆಂಗಳೂರಿನ ಸೋದರಮಾವ ಕೊಟ್ಟದ್ದಂತೆ. ಭಾನುವಾರ ಮಾವನ ಸ್ನೇಹಿತರ ಜೊತೆ ಸಿಮೆಂಟ್ ಅಂಗಳದಲ್ಲಿ ಪಂದ್ಯ ಆಡಿದರೆ ಇವನು ಯಾವಾಗಲೂ ಕೊನೆ. ದೊಡ್ಡ ಮೋಟಾರು ಬೇಕೆಂದು ಹಟ.

ಮೋಟಾರನ್ನು ಬಿಚ್ಚಿಸಿ, ಚಕ್ರವನ್ನು ಬೆರಳಿನಿಂದ ತಿರುಗಿಸಲು ಹೇಳಿದೆ. ಅರೆಕ್ಷಣದಲ್ಲಿ ನಿಂತುಬಿಟ್ಟಿತು. ಅಚ್ಚುಗಳು ಪ್ಲಾಸ್ಟಿಕ್ ಬುಷ್‌ಗಳಲ್ಲಿ ಉಜ್ಜಿಕೊಂಡು ತಿರುಗುತ್ತಿದ್ದವು, ಒಳಗೆ ಧೂಳೂ ಸೇರಿತ್ತು. “ಇದಕ್ಕೆ ಏನನ್ನುತ್ತಾರೆ?” ಎಂದೆ. “ಘರ್ಷಣೆ ಸಾರ್” ಎಂದ. ಹಾಗಾದರೆ ಮೊದಲು ಕೊಳ್ಳಬೇಕಾದ್ದು ಮೋಟಾರಲ್ಲ, ಬಾಲ್ ಬೇರಿಂಗ್. ಮಾವ ಅದನ್ನು ತಂದುಕೊಟ್ಟರು. ಅದೇ ಮೋಟಾರು, ಅದೇ ಬ್ಯಾಟರಿ, ಆದರೂ ಕಾರು ಹಗುರಾಗಿ ಓಡತೊಡಗಿತು.

ಮುಂದಿನದು ಗೇರಿನ ಲೆಕ್ಕ. ಮೋಟಾರಿನ ತುದಿಯ ಚಿಕ್ಕ ಗೇರಿಗೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ 70 ಹಲ್ಲು. 70ನ್ನು 22ರಿಂದ ಭಾಗಿಸಿದರೆ 3.18. ಒಳಗಿನ ಗೇರುಗಳ ಅನುಪಾತ 2.6. ಎರಡನ್ನೂ ಗುಣಿಸಿದರೆ 8.27. ಅಂದರೆ ಚಕ್ರ ಒಂದು ಸುತ್ತು ಬರಲು ಮೋಟಾರು 8.27 ಸುತ್ತು ತಿರುಗಬೇಕು. ಟೈರಿನ ವ್ಯಾಸ ಸುಮಾರು 63 ಮಿ.ಮೀ., ಸುತ್ತಳತೆ 198 ಮಿ.ಮೀ. ಮೋಟಾರಿನ ಒಂದು ಸುತ್ತಿಗೆ ಕಾರು ಸುಮಾರು 24 ಮಿ.ಮೀ. ಮುಂದೆ ಹೋಗುತ್ತದೆ. ಚಿಕ್ಕ ಗೇರಿಗೆ 20 ಹಲ್ಲಾದರೆ ಅನುಪಾತ 9.1, ದೂರ ಸುಮಾರು 22 ಮಿ.ಮೀ.

ಉದ್ದನೆಯ ನೇರ ದಾರಿಗೆ 22 ಸರಿ. ತಿರುವುಗಳೇ ಹೆಚ್ಚಿರುವ ಚಿಕ್ಕ ಅಂಗಳಕ್ಕೆ 20 ಮೇಲು: ಪೂರ್ತಿ ವೇಗ ಕಡಿಮೆ, ಆದರೆ ತಿರುವಿನಿಂದ ಹೊರಬರುವಾಗ ಜಿಗಿತ ಹೆಚ್ಚು, ಮೋಟಾರೂ ಕಡಿಮೆ ಕಾಯುತ್ತದೆ. ಈ ಲೆಕ್ಕವನ್ನೆಲ್ಲ ಹುಡುಗ ತಾನೇ ಮಾಡಿ, 20ನ್ನೇ ಆರಿಸಿದ.

ಆಮೇಲೆ ಒಂದು ತಪ್ಪೂ ಆಯಿತು. ಉತ್ಸಾಹದಲ್ಲಿ ಒಂದೇ ದಿನ ಟೈರು, ಹಿಂದಿನ ಸ್ಪ್ರಿಂಗು, ಚಕ್ರದ ಓರೆ ಮೂರನ್ನೂ ಬದಲಿಸಿದ. ಕಾರು ತಿರುವಿನಲ್ಲೆಲ್ಲ ಬುಗುರಿಯಂತೆ ಸುತ್ತಿತು. ಯಾವುದರಿಂದ ಹಾಗಾಯಿತೆಂದು ಅವನಿಗೂ ತಿಳಿಯದು, ನನಗೂ ತಿಳಿಯದು. ಎಲ್ಲವನ್ನೂ ಹಿಂದಿನಂತೆ ಮಾಡಿಸಿ ಒಂದು ನೋಟ್‌ಬುಕ್ ಕೊಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಐದು ಸುತ್ತು ಓಟ, ಸರಾಸರಿ ಸಮಯ ಬರೆಯುವುದು. ನಾಲ್ಕನೇ ಪುಟದಲ್ಲಿ ಅವನ ಬರಹ: “ಹಿಂದಿನ ಸ್ಪ್ರಿಂಗ್ ಗಟ್ಟಿ ಆದರೆ ಹಿಂದಿನ ಚಕ್ರ ಜಾರುತ್ತದೆ. ಮೆತ್ತಗಿನದು ಹಾಕಿದರೆ ಹಿಡಿತ ಬರುತ್ತದೆ.” ವಿಜ್ಞಾನ ಪ್ರಯೋಗವೆಂದರೆ ಇದೇ ಅಲ್ಲವೇ?

ಮನೆಯವರಿಗೆ ಒಂದು ಎಚ್ಚರಿಕೆ. ಇಂಥ ಕಾರುಗಳಿಗೆ ಲಿಪೋ ಬ್ಯಾಟರಿ ಹಾಕುವುದುಂಟು. ಅದರ ಒಂದೊಂದು ಸೆಲ್ಲೂ 4.2 ವೋಲ್ಟ್ ದಾಟಬಾರದು. ಅದಕ್ಕೆಂದೇ ಇರುವ ಚಾರ್ಜರ್ ಬೇಕು. ದೊಡ್ಡವರು ಹತ್ತಿರ ಇಲ್ಲದಾಗ, ರಾತ್ರಿ ಮಲಗಿದ ಮೇಲೆ ಚಾರ್ಜಿಗೆ ಇಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಬೆಂಕಿ ಹತ್ತಬಹುದು.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಕಾರಿನ ಕೈಪಿಡಿ ಇಂಗ್ಲೀಷಿನಲ್ಲೇ ಇತ್ತು, ನಿಜ. ಪಿನಿಯನ್, ಸ್ಪರ್, ಕ್ಯಾಂಬರ್ ಎಂಬ ಮಾತುಗಳನ್ನು ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿತ. ಇಂಗ್ಲೀಷನ್ನು ಒಂದು ವಿಷಯವಾಗಿ ಚೆನ್ನಾಗಿಯೇ ಕಲಿಸಬೇಕು, ಅದರಲ್ಲಿ ಸಡಿಲ ಕೂಡದು. ಆದರೆ ಅನುಪಾತ, ಸುತ್ತಳತೆ, ಘರ್ಷಣೆ, ಸರಾಸರಿ ಎಂಬ ತಿಳಿವಳಿಕೆ ಅವನಿಗೆ ಮೊದಲೇ ಇತ್ತು. ಅದು ಬಂದದ್ದು ಕನ್ನಡದಲ್ಲಿ. ನಾನು ಕನ್ನಡ, ತಮಿಳು ಎರಡರಲ್ಲೂ ಓದಿದವನು. ತಮಿಳಿನಲ್ಲಿ ಸುತ್ತಳತೆಗೆ ‘ಸುಟ್ರಳವು’, ಅನುಪಾತಕ್ಕೆ ‘ವಿಗಿದಂ’. ಒಂದು ಭಾಷೆಯಲ್ಲಿ ವಿಷಯ ಗಟ್ಟಿಯಾಗಿ ಕೂತವನಿಗೆ ಇನ್ನೊಂದರ ಹೆಸರು ಸೇರಿಸಿಕೊಳ್ಳುವುದು ಕಷ್ಟವಲ್ಲ.

ಇದನ್ನು ನಾನು ಆ ತಂದೆಗೆ ಹೇಳಲಿಲ್ಲ. “ಈ ಗೇರನ್ನು ಯಾಕೆ ಬದಲಿಸಿದೆ ಅಂತ ಅಪ್ಪನಿಗೆ ಹೇಳಪ್ಪ” ಎಂದು ಹುಡುಗನಿಗೆ ಹೇಳಿದೆ. ಕಾರನ್ನು ಮಗುಚಿ ಹಿಡಿದು, ಹಲ್ಲುಗಳನ್ನು ತೋರಿಸಿ, ಹತ್ತು ನಿಮಿಷ ವಿವರಿಸಿದ. ದಿನವೂ ಗೇರಿನ ನಡುವೆ ಕೆಲಸ ಮಾಡುವ ಮನುಷ್ಯ ಅವರು. ನಡುನಡುವೆ ಪ್ರಶ್ನೆ ಕೇಳಿದರು, ಮಗ ಉತ್ತರ ಕೊಟ್ಟ. ಇಬ್ಬರ ಮಾತೂ ಮನೆಮಾತಿನಲ್ಲೇ ನಡೆಯಿತು.

ಹುಡುಗ ಪಂದ್ಯದಲ್ಲಿ ಇನ್ನೂ ಮೊದಲು ಬಂದಿಲ್ಲ. ಕಳೆದ ಭಾನುವಾರ ಐವರಲ್ಲಿ ಮೂರನೆಯವನಾದ. ಜೂನ್‌ನಲ್ಲಿ ಅದೇ ಕನ್ನಡ ಶಾಲೆಯಲ್ಲಿ 8ನೇ ತರಗತಿಗೆ ಸೇರಿದ.