ಗಟ್ಟಿಯದ್ದು ಕುದಿಯಲಿ, ಎಲೆ ಕಾಯಲಿ

ಚಳಿ ಶುರುವಾದರೆ ತುಳಸಿ, ಶುಂಠಿ, ಮೆಣಸು, ದೊಡ್ಡಪತ್ರೆ ಎಲ್ಲವನ್ನೂ ಒಟ್ಟಿಗೇ ಪಾತ್ರೆಗೆ ಹಾಕಿ ಅರ್ಧ ಗಂಟೆ ಕುದಿಸುವವರಿದ್ದಾರೆ. ಮನೆಯೆಲ್ಲ ಘಮಘಮ ಎನ್ನುತ್ತದೆ. ಆ ಘಮವೇ ಎಲೆಯ ಸತ್ವ. ಮನೆ ತುಂಬಿದ್ದು ಲೋಟಕ್ಕೆ ಬರುವುದಿಲ್ಲ.

ತುಳಸಿಯ ವಾಸನೆಗೆ ಯೂಜೆನಾಲ್, ದೊಡ್ಡಪತ್ರೆಯ ಓಮದಂಥ ಘಾಟಿಗೆ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯಂಶಗಳು ಮುಖ್ಯ ಕಾರಣ. ಮುಚ್ಚಳವಿಲ್ಲದೆ ಕುದಿಸಿದರೆ ಅವು ಹಬೆಯ ಜೊತೆ ಹೊರಟುಹೋಗುತ್ತವೆ. ಮೆಣಸಿನ ಪೈಪರಿನ್ ಹಾಗಲ್ಲ, ನೀರಿಗೆ ಸುಲಭವಾಗಿ ಬಿಡದು, ಜಜ್ಜಿ ಕುದಿಸಲೇಬೇಕು. ಶುಂಠಿ ಒಣಗಿದಾಗ ಅದರ ಜಿಂಜರಾಲ್ ಸ್ವಲ್ಪ ಭಾಗ ಇನ್ನೂ ಖಾರವಾದ ಶೋಗಾಲ್ ಆಗುತ್ತದೆ. ಒಣಶುಂಠಿ ಚೂರೇ ಸಾಕೆನ್ನುವುದು ಇದಕ್ಕೇ.

ನಾನು ಮಾಡುವ ಕಷಾಯದ ಪುಡಿಗೆ ಒಂದು ಬಟ್ಟಲು ಕೊತ್ತಂಬರಿ ಬೀಜ, ಕಾಲು ಬಟ್ಟಲು ಜೀರಿಗೆ, ಎರಡು ಚಮಚ ಮೆಣಸು, ಒಂದು ಚಮಚ ಮೆಂತ್ಯ, ಬೆರಳ ಗೆಣ್ಣಿನಷ್ಟು ಒಣಶುಂಠಿ, ನಾಲ್ಕು ಏಲಕ್ಕಿ. ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿಯಿರಿ. ಮೆಂತ್ಯ ಕೆಂಪಗಾಗಲಿ, ಕಪ್ಪಾದರೆ ಇಡೀ ಪುಡಿ ಕಹಿ. ತರಿತರಿಯಾಗಿ ಪುಡಿಮಾಡಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಪುಡಿಯಾದ ಮೇಲೆ ವಾಸನೆ ಬೇಗ ಹಾರುವುದರಿಂದ ತಿಂಗಳಿಗೆ ಆಗುವಷ್ಟೇ ಮಾಡುವುದು ಮೇಲು.

ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಒಲೆ ಆರಿಸಿದ ಮೇಲೆ ಐದಾರು ತುಳಸಿ ಎಲೆ ಹರಿದು ಹಾಕಿ, ಐದು ನಿಮಿಷ ಮುಚ್ಚಿಡಿ. ಸೋಸಿ, ಬೆಲ್ಲ ಸೇರಿಸಿ ಕುಡಿಯಿರಿ; ಬೇಕಿದ್ದರೆ ಹಾಲು. ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆ ಹೇಳುವ ಕಷಾಯ ಇದಕ್ಕಿಂತ ಬಹಳ ಗಟ್ಟಿ: ಒಂದು ಪಾಲು ಮದ್ದಿಗೆ 16 ಪಾಲು ನೀರು, ಅದು ಎಂಟನೇ ಒಂದು ಭಾಗಕ್ಕೆ ಇಳಿಯಬೇಕು. ಅದು ವೈದ್ಯರ ಕೈಯಲ್ಲಿರಬೇಕಾದ ಔಷಧ. ಮನೆಯದು ದಿನಕ್ಕೊಂದೆರಡು ಲೋಟದ ಪಾನೀಯ.

ನೆಗಡಿ ತರುವ ವೈರಸ್ಸನ್ನು ಇದು ಕೊಲ್ಲುವುದಿಲ್ಲ. ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಬಿಸಿ ಕಷಾಯ ಗಂಟಲಿನ ಕೆರೆತಕ್ಕೆ ಹಿತ, ಕಟ್ಟಿದ ಕಫ ಸಡಿಲವಾಗಲು ಅನುಕೂಲ. ನೀರು ಕುಡಿಯಲು ಮನಸ್ಸಿಲ್ಲದವರ ಹೊಟ್ಟೆಗೂ ಒಂದಿಷ್ಟು ದ್ರವ ಸೇರುತ್ತದೆ. ಇಷ್ಟು ಉಪಕಾರವೇ ಸಣ್ಣದಲ್ಲ.

ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿದ ರಸಕ್ಕೆ ಜೇನು ಬೆರೆಸಿ ನೆಕ್ಕಿಸುವ ರೂಢಿಯಿದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡವೇ ಬೇಡ; ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಹುದು. ಕಷಾಯಕ್ಕೆ ಜ್ಯೇಷ್ಠಮಧು ಸೇರಿಸುವುದಾದರೆ, ಅದು ರಕ್ತದೊತ್ತಡ ಏರಿಸಬಹುದು, ಬಿ.ಪಿ. ಇರುವವರು ದೂರವಿಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅರಿಶಿನ, ಶುಂಠಿಯನ್ನು ಮದ್ದಿನಂತೆ ದಿನವೂ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು. ಕುದಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಹಬೆಗೆ ಕೂರಿಸಬೇಡಿ, ಪಾತ್ರೆ ಉರುಳಿ ಸುಟ್ಟುಕೊಳ್ಳುತ್ತಾರೆ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಜ್ವರ ಮೂರು ದಿನ ದಾಟಿದರೆ ಕಷಾಯ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.

ಅಂದಹಾಗೆ, ದೊಡ್ಡಪತ್ರೆಯನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಪಕ್ಕದ ಮನೆಯವರಿಂದ ಒಂದು ಗೇಣು ಕಡ್ಡಿ ಕೇಳಿ ತಂದು ಕುಂಡಕ್ಕೆ ಚುಚ್ಚಿ. ನೀರು ನಿಲ್ಲದಂತೆ ನೋಡಿಕೊಂಡರೆ ಬೇರು ಬಿಡುತ್ತದೆ.